ಧರೆ ಬದಿಯ ಮನೆಗಳ ಕೆಳಜಾಗಕ್ಕೆ ತೇವ ತೆಗೆಯುವ ಯಂತ್ರ: ಅಳತೆಯಿಂದ ಅಳವಡಿಕೆಯವರೆಗೆ

ಮಲೆನಾಡಿನಲ್ಲಿ ಸಮತಟ್ಟಾದ ನಿವೇಶನ ಸಿಗುವುದು ಅಪರೂಪ. ಗುಡ್ಡದ ಇಳಿಜಾರಿನಲ್ಲಿ ಹಿಂಬದಿಯ ಧರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು, ಮುಂಬದಿಗೆ ಎತ್ತರದ ತಳಪಾಯವನ್ನೋ ಕಂಬಗಳನ್ನೋ ಎಬ್ಬಿಸಿ ಮನೆ ಕಟ್ಟುವುದು ಇಲ್ಲಿಯ ರೂಢಿ. ಹೀಗೆ ಕಟ್ಟಿದಾಗ ಮನೆಯ ನೆಲಕ್ಕೂ ಗುಡ್ಡದ ಮಣ್ಣಿಗೂ ನಡುವೆ ಒಂದು ಕೆಳಜಾಗ ಉಳಿಯುತ್ತದೆ. ಒಂದು ತುದಿಯಲ್ಲಿ ಆಳು ನಿಲ್ಲುವಷ್ಟು ಎತ್ತರ, ಇನ್ನೊಂದು ತುದಿಯಲ್ಲಿ ತೆವಳಿಕೊಂಡೇ ಹೋಗಬೇಕು. ಕಟ್ಟಿಗೆ, ಗೋಣಿಚೀಲ, ಹಳೆಯ ಬಾಗಿಲು, ದೋಟಿ, ಕೆಲವೊಮ್ಮೆ ಒಳ್ಳೆಯ ಬೆಲೆ ಬರಲೆಂದು ಕಾದಿಟ್ಟ ಅಡಿಕೆ ಎಲ್ಲವೂ ಅಲ್ಲಿ ಸೇರಿಕೊಳ್ಳುತ್ತವೆ. ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಜಾಗದಿಂದ ಮುಗ್ಗಲು ವಾಸನೆ ಮೇಲಕ್ಕೇರಿ, ಮಲಗುವ ಕೋಣೆಯ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ.

ಅಮೆರಿಕದಲ್ಲಿ ಇಂತಹ ಜಾಗವನ್ನು ಕ್ರಾಲ್‌ಸ್ಪೇಸ್ ಎನ್ನುತ್ತಾರೆ. ಅಲ್ಲಿಯ ಮರದ ಮನೆಗಳ ಕೆಳಗೆ ಗಾಳಿಗಿಂಡಿಗಳನ್ನು ಮುಚ್ಚಿ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಕೂರಿಸಿಕೊಡುವ ಕೆಲಸವೇ ಒಂದು ಪ್ರತ್ಯೇಕ ಉದ್ಯೋಗವಾಗಿ ಬೆಳೆದಿದೆ. ನಮ್ಮಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಕಸುಬುದಾರರು ಸಿಗುವುದು ಕಷ್ಟ. ಏಸಿ ಅಳವಡಿಸುವ ತಂತ್ರಜ್ಞ, ಎಲೆಕ್ಟ್ರಿಷಿಯನ್, ಗಾರೆಯವರು ಈ ಮೂವರನ್ನು ಒಟ್ಟುಗೂಡಿಸಿ ನಾವೇ ಮೇಸ್ತ್ರಿಗಳಾಗಬೇಕಾಗುತ್ತದೆ. ಆದ್ದರಿಂದ ಕೆಲಸ ಯಾವ ಕ್ರಮದಲ್ಲಿ ನಡೆಯಬೇಕೆಂಬುದು ಮನೆಯವರಿಗೇ ತಿಳಿದಿರಬೇಕು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಆ ಕ್ರಮವನ್ನು ತಲೆಕೆಳಗು ಮಾಡಿ, ಯಂತ್ರವನ್ನು ಮೊದಲು ತಂದು, ಉಳಿದದ್ದನ್ನೆಲ್ಲ ಆಮೇಲೆ ಯೋಚಿಸಿದ್ದರಿಂದ ಒಂದು ಮಳೆಗಾಲ ಪೂರ್ತಿ ದಂಡವಾಯಿತು.

ಗಾಳಿ ಬಿಟ್ಟರೆ ಒಣಗುತ್ತದೆಯೇ?

ಕೆಳಜಾಗ ಒದ್ದೆಯಾದಾಗ ಎಲ್ಲರೂ ಹೇಳುವ ಮೊದಲ ಮಾತು, ಕಿಟಕಿ ತೆಗೆದಿಡಿ ಎಂಬುದು. ಬೇಸಿಗೆಯಲ್ಲಿ ಅದು ಸರಿಯಾದ ಮಾತು, ಮಳೆಗಾಲದಲ್ಲಿ ಅದೇ ಮಾತು ತಪ್ಪು. ಫೆಬ್ರವರಿಯ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನಿಜವಾಗಿ ಇರುವ ಪಾಲು) ಶೇಕಡಾ 35 ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10.5 ಗ್ರಾಂ ನೀರಾವಿ ಇರುತ್ತದೆ. ಜುಲೈ ತಿಂಗಳಲ್ಲಿ 26 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 90 ಇದ್ದಾಗ ಅದೇ ಒಂದು ಘನ ಮೀಟರಿನಲ್ಲಿ 22 ಗ್ರಾಂ ನೀರಾವಿ ತುಂಬಿರುತ್ತದೆ. ಆ ಗಾಳಿಯ ಇಬ್ಬನಿ ಬಿಂದು ಸುಮಾರು 24 ಡಿಗ್ರಿ, ಅಂದರೆ ಅದಕ್ಕಿಂತ ತಣ್ಣಗಿರುವ ಯಾವುದೇ ಮೈಗೆ ತಾಗಿದರೂ ಆವಿ ನೀರಾಗಿ ಕೂರುತ್ತದೆ. ಧರೆಗೆ ಒತ್ತಿಕೊಂಡ ಗೋಡೆ 23 ಡಿಗ್ರಿಯಲ್ಲಿದ್ದರೆ, ನಾವು ತೆರೆದಿಟ್ಟ ಕಿಟಕಿಯಿಂದ ಬಂದ ಗಾಳಿಯೇ ಆ ಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ. ಮಳೆಯ ಒಂದು ಹನಿಯೂ ಒಳಗೆ ಬೀಳದ ಮನೆಯ ಕೆಳಜಾಗವೂ ಒದ್ದೆಯಾಗುವುದು ಹೀಗೆ.

ಹಳೆಯ ಮನೆಗಳಲ್ಲಿ ತೇವ ತೆಗೆಯುವ ಕೆಲಸವನ್ನು ಒಲೆ ಮಾಡುತ್ತಿತ್ತು. ಬಚ್ಚಲ ಒಲೆ ಮೂರು ಹೊತ್ತೂ ಉರಿಯುತ್ತಿದ್ದುದರಿಂದ ಗೋಡೆಗಳು ಬೆಚ್ಚಗಿದ್ದವು, ಅಟ್ಟದಲ್ಲಿದ್ದ ಅಡಿಕೆಯೂ ಬೀಜದ ತೆನೆಯೂ ಹೊಗೆ ತಿಂದು ಕೆಡದೆ ಉಳಿಯುತ್ತಿದ್ದವು. ಗ್ಯಾಸು ಮತ್ತು ಸೋಲಾರ್ ಬಂದ ಮೇಲೆ ಹೊಗೆಯ ಕಾಟ ತಪ್ಪಿತು, ಅದರ ಜೊತೆಗೆ ಆ ಬಿಸಿಯೂ ಹೋಯಿತು. ಜಂಬಿಟ್ಟಿಗೆಯ ಗೋಡೆಗೆ ಸಿಮೆಂಟಿನ ಗಿಲಾವು, ನೆಲಕ್ಕೆ ಟೈಲ್ಸು ಬಂದ ಮೇಲೆ ಗೋಡೆಯೊಳಗಿನ ತೇವಕ್ಕೆ ಹೊರಹೋಗುವ ದಾರಿಯೂ ಇಲ್ಲವಾಯಿತು.

ಮೊದಲನೆಯ ಹಂತ: ಅಳತೆ

ಯಂತ್ರ ಬೇಕೇ ಎಂಬುದನ್ನು ಮೂಗಿನಿಂದ ನಿರ್ಧರಿಸಬಾರದು. ಆರ್ದ್ರತೆ ಅಳೆಯುವ, ಸಾಧಾರಣ ಬೆಲೆಯ ಎರಡು ಡಿಜಿಟಲ್ ಹೈಗ್ರೋಮೀಟರ್ ಕೊಂಡು, ಒಂದನ್ನು ಕೆಳಜಾಗದ ಧರೆ ಬದಿಯ ಮೂಲೆಯಲ್ಲಿಯೂ ಇನ್ನೊಂದನ್ನು ಬಾಗಿಲ ಬದಿಯಲ್ಲಿಯೂ ಇಡಬೇಕು. ಇಡುವ ಮುನ್ನ ಅವು ಸರಿಯಾಗಿವೆಯೇ ಎಂದು ಅಡುಗೆ ಉಪ್ಪಿನಿಂದ ಪರೀಕ್ಷಿಸಬಹುದು. ಒಂದು ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಅದು ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮೀಟರಿನ ಜೊತೆಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೆರಡು ಗಂಟೆ ಕಟ್ಟಿಡಬೇಕು. ಚೀಲದೊಳಗಿನ ಆರ್ದ್ರತೆ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮೀಟರು 70 ತೋರಿಸಿದರೆ ಅದು 5 ಕಡಿಮೆ ತೋರಿಸುತ್ತದೆಂದು ಅದರ ಬೆನ್ನ ಮೇಲೆ ಬರೆದಿಟ್ಟುಕೊಂಡರೆ ಸಾಕು, ಹೊಸದನ್ನು ಕೊಳ್ಳಬೇಕಾಗಿಲ್ಲ.

ಬೆಳಿಗ್ಗೆ ಮತ್ತು ಸಂಜೆ ಎರಡು ವಾರ ಅಂಕಿಗಳನ್ನು ಬರೆದಿಡಿ. ಆರ್ದ್ರತೆ ಶೇಕಡಾ 70ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯಲು ಬೇಕಾದ ವಾತಾವರಣ ಒದಗಿದಂತೆಯೇ. ಶೇಕಡಾ 90ರ ಗಾಳಿಯಲ್ಲಿ ಬಹಳ ದಿನ ಇದ್ದ ಮರದ ತೇವಾಂಶ ಶೇಕಡಾ 20ರ ಆಸುಪಾಸಿಗೆ ಏರುತ್ತದೆ, ಅಲ್ಲಿಂದ ಮುಂದೆ ಕುಂಬಾಗುವ ಅಪಾಯ ಶುರುವಾಗುತ್ತದೆ. ಶೇಕಡಾ 60ಕ್ಕಿಂತ ಕೆಳಗೆ ಗಾಳಿ ಇದ್ದರೆ ಮರದ ತೇವಾಂಶ 11ರ ಹತ್ತಿರ ಉಳಿಯುತ್ತದೆ, ಅದು ತೊಲೆಗೂ ಹಲಗೆಗೂ ಕ್ಷೇಮ.

ಇನ್ನೊಂದು ಪರೀಕ್ಷೆಗೆ ಕಾಸೂ ಬೇಕಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದು, ಒಂದು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಮಣ್ಣಿನಿಂದ ಏಳುತ್ತಿದೆ. ಹಾಳೆಯ ಮೇಲ್ಮೈಯಲ್ಲಿ ಹನಿ ಇದ್ದರೆ ಅದು ಗಾಳಿಯಿಂದ ಬಂದದ್ದು. ಮಲೆನಾಡಿನ ಬಹುಪಾಲು ಮನೆಗಳಲ್ಲಿ ಎರಡೂ ಕಡೆ ಹನಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಊರು ಯಾವುದೆಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಘಟ್ಟದಂಚಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣುವುದಿಲ್ಲ. ಶಿಕಾರಿಪುರ ಅಥವಾ ಭದ್ರಾವತಿಯ ಕಡೆ ಮಳೆಗೆ ಬಿಡುವಿರುತ್ತದೆ, ಅಲ್ಲಿ ನೀರಿನ ದಾರಿ ಸರಿಪಡಿಸಿದರೆ ಹಲವು ಮನೆಗಳಿಗೆ ಯಂತ್ರವೇ ಬೇಕಾಗದೆ ಹೋಗಬಹುದು.

ಎರಡನೆಯ ಹಂತ: ನೀರು ಬರುವ ದಾರಿ

ಡಿಹ್ಯುಮಿಡಿಫೈಯರ್ ಗಾಳಿಯಲ್ಲಿರುವ ಆವಿಯನ್ನು ತೆಗೆಯುತ್ತದೆಯೇ ಹೊರತು ಹರಿದು ಬರುವ ನೀರನ್ನಲ್ಲ. ಆದ್ದರಿಂದ ಹೊರಗಿನ ಕೆಲಸ ಮುಗಿಯದೆ ಒಳಗಿನ ಕೆಲಸಕ್ಕೆ ಕೈ ಹಾಕಬಾರದು.

ಮೊದಲು ಸೂರು ನೋಡಿ. 100 ಚದರ ಮೀಟರ್ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ, ಅದು 10,000 ಲೀಟರ್ ನೀರು. ಸೂರಿಗೆ ದೋಣಿ ಇಲ್ಲದ ಮನೆಯಲ್ಲಿ ಅಷ್ಟೂ ನೀರು ತಳಪಾಯದ ಬುಡಕ್ಕೇ ಬೀಳುತ್ತದೆ. ದೋಣಿ ಕಟ್ಟಿಸಿ, ನೀರನ್ನು ಪೈಪಿನಲ್ಲಿ ಮನೆಯಿಂದ ಕನಿಷ್ಠ ಮೂರು ಮೀಟರ್ ಆಚೆಗೆ, ಇಳಿಜಾರಿನ ಕೆಳಬದಿಗೆ ಒಯ್ಯಬೇಕು. ಮನೆಯ ಸುತ್ತ ಒಂದು ಮೀಟರ್ ಅಗಲದ ಕಟ್ಟೆಗೆ ಹೊರಮುಖವಾಗಿ ಐದು ಸೆಂಟಿಮೀಟರ್ ಇಳುಕಲು ಕೊಡಬೇಕು.

ಧರೆಯ ಬದಿಯೇ ನಿಜವಾದ ತಲೆನೋವು. ಗುಡ್ಡ ನೀರು ಕುಡಿದು ತುಂಬಿದ ಮೇಲೆ ಜಲ ಒಸರಲು ತೊಡಗುತ್ತದೆ, ಮಳೆ ನಿಂತು ವಾರವಾದರೂ ಅದು ನಿಲ್ಲುವುದಿಲ್ಲ. ಆ ನೀರು ಗೋಡೆಗೆ ತಾಗುವ ಮೊದಲೇ ಅದನ್ನು ಹಿಡಿದು ಬದಿಗೆ ತಿರುಗಿಸಬೇಕು. ಅಡಿಕೆ ತೋಟದ ಬಸಿಗಾಲುವೆ ಗೊತ್ತಿರುವವರಿಗೆ ಈ ತತ್ತ್ವ ಹೊಸದಲ್ಲ. ಧರೆಗೂ ಮನೆಗೂ ನಡುವೆ, ಕೆಳಜಾಗದ ನೆಲಮಟ್ಟಕ್ಕಿಂತ ಕೆಳಗಿಳಿಯುವಂತೆ ಕಾಲುವೆ ತೋಡಿ, ತೂತುಗಳಿರುವ ಪೈಪು ಹಾಕಿ, ಮಣ್ಣು ಒಳಸೇರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಮೇಲೆ ಜಲ್ಲಿ ತುಂಬಬೇಕು. ಧರೆ ಎತ್ತರವಾಗಿದ್ದರೆ ಅದರ ಬುಡವನ್ನು ಅಗೆಯುವ ಮುನ್ನ ಸಿವಿಲ್ ಎಂಜಿನಿಯರರನ್ನು ಕರೆದು ತೋರಿಸಲೇಬೇಕು. ಬುಡ ಸಡಿಲವಾದ ಧರೆ ಮಳೆಗಾಲದಲ್ಲಿ ಏನು ಮಾಡುತ್ತದೆಂಬುದು ಮಲೆನಾಡಿನವರಿಗೆ ಗೊತ್ತೇ ಇದೆ. ಈ ಕೆಲಸವನ್ನು ಮಾರ್ಚ್ ಅಥವಾ ಏಪ್ರಿಲಿನಲ್ಲಿ ಮುಗಿಸಬೇಕು, ಜೂನಿನಲ್ಲಿ ಅಲ್ಲ.

ಇವೆಲ್ಲ ಆದ ಮೇಲೂ ಕೆಳಜಾಗದಲ್ಲಿ ನೀರು ನಿಲ್ಲುತ್ತಿದ್ದರೆ, ಅತಿ ತಗ್ಗಿನ ಮೂಲೆಯಲ್ಲಿ ಗುಂಡಿ ಮಾಡಿ ತಾನಾಗಿ ಚಾಲೂ ಆಗುವ ಪಂಪು ಇಡಬೇಕು. ನಿಂತ ನೀರಿನ ಮೇಲೆ ಡಿಹ್ಯುಮಿಡಿಫೈಯರ್ ಓಡಿಸುವುದು ಕೆರೆಯನ್ನು ಚಮಚದಿಂದ ಬರಿದು ಮಾಡಲು ಹೊರಟಂತೆ.

ಮೂರನೆಯ ಹಂತ: ಒಳಗಿಳಿದು ಸ್ವಚ್ಛಗೊಳಿಸುವುದು

ಕೆಳಜಾಗಕ್ಕೆ ಬರಿಗೈ ಬರಿಗಾಲಿನಲ್ಲಿ ಇಳಿಯಬಾರದು. ಕಟ್ಟಿಗೆ ರಾಶಿಯಲ್ಲಿ ನಾಗರವೋ ಕೊಳಕುಮಂಡಲವೋ ಇರುವ ಸಂಭವ ಇದ್ದೇ ಇದೆ. ಇಲಿಯ ಮೂತ್ರ ಬೆರೆತ ಒದ್ದೆ ಮಣ್ಣಿನಿಂದ ಇಲಿಜ್ವರ ಹರಡುತ್ತದೆ, ಕೈಕಾಲಿನಲ್ಲಿ ಗಾಯವಿದ್ದರಂತೂ ಬಹಳ ಜಾಗ್ರತೆ ಬೇಕು. ಗಂಬೂಟು, ರಬ್ಬರ್ ಕೈಗವಸು, ಮುಖಕ್ಕೆ ಎನ್95 ಮಾಸ್ಕು, ಒಳ್ಳೆಯ ಬೆಳಕು, ಹೊರಗೆ ಒಬ್ಬ ಕಾವಲಿನವನು ಇಷ್ಟಾದರೂ ಇರಲಿ.

ಮರ, ರಟ್ಟು, ಗೋಣಿ, ದರಗು ಎಲ್ಲವನ್ನೂ ಹೊರಗೆ ಸಾಗಿಸಬೇಕು. ಬೂಷ್ಟು ಹಿಡಿದ ಮರವನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಿದರೆ ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ, ಆದ್ದರಿಂದ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಗೋಡೆಗೆ ಮತ್ತೆ ಗಿಲಾವು ಮಾಡಿಸುವುದಿದ್ದರೆ ನಾನು ಸುಣ್ಣದ ಗಾರೆಯ ಪಕ್ಷಪಾತಿ. ಜಂಬಿಟ್ಟಿಗೆಯ ಮತ್ತು ಮಣ್ಣಿನ ಗೋಡೆಗಳ ತೇವ ಸುಣ್ಣದ ಮೂಲಕ ನಿಧಾನವಾಗಿ ಹೊರಬರುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕಿ ಒಂದು ದಿನ ಚಕ್ಕೆಚಕ್ಕೆಯಾಗಿ ಉದುರುತ್ತದೆ.

ಗೆದ್ದಲಿನ ಪರೀಕ್ಷೆಗೂ ಇದೇ ಸಮಯ. ಗೋಡೆಯ ಮೇಲೆ ಮಣ್ಣಿನ ಸುರಂಗ ಕಂಡರೆ, ಪ್ಲಾಸ್ಟಿಕ್ ಹಾಸುವ ಮೊದಲೇ ಔಷಧೋಪಚಾರ ಆಗಬೇಕು. ಕಟ್ಟಡಗಳ ಗೆದ್ದಲು ನಿರೋಧಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕವಿದೆ, ಅದರ ಮೂರನೆಯ ಭಾಗ ಕಟ್ಟಿ ಮುಗಿದ ಮನೆಗಳಿಗೆ ಸಂಬಂಧಿಸಿದ್ದು. ಔಷಧ ಹೊಡೆಯುವವರು ಅದರ ಪ್ರಕಾರವೇ ಕೆಲಸ ಮಾಡುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಾವಿ ಹತ್ತಿರವಿದ್ದರೆ ಅದನ್ನೂ ಮೊದಲೇ ತಿಳಿಸಬೇಕು.

ನಾಲ್ಕನೆಯ ಹಂತ: ಮಣ್ಣಿಗೆ ಹಾಸು, ಗಾಳಿಗೆ ತಡೆ

ಬರಿ ಮಣ್ಣಿನ ನೆಲವಿದ್ದರೆ 250 ಮೈಕ್ರಾನ್ ದಪ್ಪದ, ಅಂಗಡಿಯವರು 1000 ಗೇಜ್ ಎನ್ನುವ ಪಾಲಿಥೀನ್ ಹಾಳೆಯನ್ನು ಪೂರ್ತಿ ಹಾಸಬೇಕು. ಒಂದರ ಮೇಲೊಂದು 30 ಸೆಂಟಿಮೀಟರ್ ಬರುವಂತೆ ಜೋಡಿಸಿ, ಕೂಡುವಲ್ಲಿ ಟೇಪು ಅಂಟಿಸಿ, ಗೋಡೆಯ ಮೇಲಕ್ಕೂ ಸುಮಾರು 15 ಸೆಂಟಿಮೀಟರ್ ಏರಿಸಿ ಪಟ್ಟಿಯಿಂದ ಬಿಗಿಯಬೇಕು. ಕಂಬಗಳ ಸುತ್ತಲೂ ಹೀಗೆಯೇ ಮಾಡಬೇಕು. ತೋಟದ ಕೊಳವೆಗೋ ಅಡಿಕೆ ಒಣಗಿಸುವುದಕ್ಕೋ ತಂದು ಉಳಿದ ತೆಳು ಹಾಳೆ ಇದಕ್ಕೆ ಸಾಲದು, ಇಲಿಯೂ ಕಲ್ಲಿನ ಮೊನೆಯೂ ಒಂದೇ ವರ್ಷದಲ್ಲಿ ಅದನ್ನು ಜಾಲರಿ ಮಾಡಿಬಿಡುತ್ತವೆ. ಗೋಡೆ ಪೂರ್ತಿ ಹಾಳೆಯಿಂದ ಮುಚ್ಚುವ ಪದ್ಧತಿಯೂ ಇದೆಯಾದರೂ, ಗೆದ್ದಲಿನ ಸುರಂಗ ಕಣ್ಣಿಗೆ ಬೀಳಲು ಮೇಲ್ಭಾಗ ತೆರೆದಿರುವುದೇ ನಮ್ಮ ಕಡೆಗೆ ಲೇಸು.

ಗಾಳಿಗಿಂಡಿಗಳನ್ನು ಶಾಶ್ವತವಾಗಿ ಕಟ್ಟಿ ಮುಚ್ಚಬೇಡಿ. ಮಳೆಗಾಲಕ್ಕೆ ಹಾಕಿ ಬೇಸಿಗೆಗೆ ತೆಗೆಯಬಹುದಾದ, ಅಂಚಿಗೆ ರಬ್ಬರ್ ಪಟ್ಟಿ ಇರುವ ಮುಚ್ಚಳಗಳನ್ನು ಬಡಗಿಯಿಂದ ಮಾಡಿಸುವುದು ಉತ್ತಮ. ಮುಂಗಾರಿಗೆ ಮೊದಲು ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಬುದ್ಧಿಯೇ ಇದು, ವಸ್ತು ಮಾತ್ರ ಬೇರೆ. ಪೈಪು, ವೈರು ಹಾಯುವ ಸಂದುಗಳನ್ನು, ಮೇಲಿನ ನೆಲದ ಬಿರುಕುಗಳನ್ನು ತುಂಬಬೇಕು.

ಮುಚ್ಚುವ ಮೊದಲು ಒಂದು ಎಚ್ಚರಿಕೆಯನ್ನು ಮನೆಯವರೆಲ್ಲ ತಿಳಿಯಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದದ್ದು, ಸೋರಿದರೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಮುಚ್ಚಿದ ಕೆಳಜಾಗದಲ್ಲಿ ಗ್ಯಾಸ್ ಸಿಲಿಂಡರನ್ನು, ಪೆಟ್ರೋಲ್ ಕ್ಯಾನನ್ನು, ಕಳೆ ಕತ್ತರಿಸುವ ಯಂತ್ರವನ್ನು ಇಡಲೇಬಾರದು. ಬಚ್ಚಲ ಒಲೆಯ ಉರಿಬಾಯಿ ಕೆಳಜಾಗಕ್ಕೆ ತೆರೆದುಕೊಂಡಿದ್ದರೆ ಆ ಜಾಗವನ್ನು ಗಾಳಿಯಾಡದಂತೆ ಮುಚ್ಚುವ ಆಲೋಚನೆಯನ್ನೇ ಬಿಡಬೇಕು, ಇಲ್ಲವೆ ಒಲೆಯನ್ನು ಪ್ರತ್ಯೇಕಿಸಿ ಗೋಡೆ ಕಟ್ಟಿಸಬೇಕು. ಗಾಳಿ ಸಾಲದ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಐದನೆಯ ಹಂತ: ಯಂತ್ರದ ಅಳತೆ ಮತ್ತು ಆಯ್ಕೆ

ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಒಂದು ಉದಾಹರಣೆಯ ಲೆಕ್ಕ ನೋಡೋಣ. ಕೆಳಜಾಗ 8 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಎತ್ತರವಿದ್ದರೆ, ಒಳಗಿನ ಗಾಳಿ 72 ಘನ ಮೀಟರ್. 26 ಡಿಗ್ರಿಯಲ್ಲಿ ಆರ್ದ್ರತೆಯನ್ನು ಶೇಕಡಾ 90ರಿಂದ 55ಕ್ಕೆ ಇಳಿಸಲು ಪ್ರತಿ ಘನ ಮೀಟರಿನಿಂದ ಸುಮಾರು 8.6 ಗ್ರಾಂ, ಒಟ್ಟಾರೆ 620 ಗ್ರಾಂ ನೀರು ತೆಗೆದರೆ ಸಾಕು. ಅಂದರೆ ಒಂದು ಲೀಟರಿನಷ್ಟೂ ಅಲ್ಲ. ಹಾಗಿದ್ದರೆ ದೊಡ್ಡ ಯಂತ್ರವೇಕೆ? ಹೊರಗಿನ ಒದ್ದೆ ಗಾಳಿ ಸಂದುಗಳಿಂದ ಒಳನುಗ್ಗುತ್ತಲೇ ಇರುತ್ತದೆ ಎಂಬುದೇ ಕಾರಣ. ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುತ್ತಿದ್ದರೆ ದಿನಕ್ಕೆ 15 ಲೀಟರ್ ತೆಗೆಯಬೇಕು. ಗಿಂಡಿಗಳೆಲ್ಲ ತೆರೆದಿದ್ದು ಗಂಟೆಗೆ ಮೂರು ಸಲ ಬದಲಾದರೆ 45 ಲೀಟರ್. ಚೆನ್ನಾಗಿ ಮುಚ್ಚಿ ಎರಡು ಗಂಟೆಗೊಮ್ಮೆ ಬದಲಾಗುವಂತೆ ಮಾಡಿದರೆ ಏಳೂವರೆ ಲೀಟರ್ ಮಾತ್ರ. ಹಾಸು ಇಲ್ಲದ ಮಣ್ಣಿದ್ದರೆ ಅದರಿಂದ ಏಳುವ ಆವಿ ಇದರ ಮೇಲೆ ಸೇರುತ್ತದೆ. ನಾಲ್ಕನೆಯ ಹಂತದ ಟೇಪು ಮತ್ತು ರಬ್ಬರ್ ಪಟ್ಟಿಯ ಬೆಲೆ ಏನೆಂಬುದು ಈ ಮೂರು ಅಂಕಿಗಳಲ್ಲಿದೆ.

ಪೆಟ್ಟಿಗೆಯ ಮೇಲೆ ಬರೆದ ಲೀಟರನ್ನು ಹಾಗೆಯೇ ನಂಬಬಾರದು. ಹಲವು ಯಂತ್ರಗಳ ಸಾಮರ್ಥ್ಯವನ್ನು 30 ಡಿಗ್ರಿ ಉಷ್ಣತೆ, ಶೇಕಡಾ 80 ಆರ್ದ್ರತೆಯಲ್ಲಿ ಅಳೆದಿರುತ್ತಾರೆ. ನಮ್ಮ ಕೆಳಜಾಗದ 23–24 ಡಿಗ್ರಿಯಲ್ಲಿ, ಆರ್ದ್ರತೆ ಶೇಕಡಾ 60ಕ್ಕೆ ಇಳಿದ ಮೇಲೆ, ಅದೇ ಯಂತ್ರ ಬರೆದದ್ದರ ಅರ್ಧದಷ್ಟು ತೆಗೆದರೆ ಹೆಚ್ಚು. ಅಮೆರಿಕದ ಹಳೆಯ ರೂಢಿಯಲ್ಲಿ 26.7 ಡಿಗ್ರಿ, ಶೇಕಡಾ 60ರಲ್ಲಿ ಅಳೆಯುತ್ತಿದ್ದರು, ಆ ಅಂಕಿ ಸಿಕ್ಕರೆ ಅದು ನಮಗೆ ಹೆಚ್ಚು ಹತ್ತಿರದ್ದು. ದಿನಕ್ಕೆ ಏಳೂವರೆ ಲೀಟರ್ ಬೇಕೆಂದು ಲೆಕ್ಕ ಬಂದಲ್ಲಿ 20ರಿಂದ 25 ಲೀಟರ್ ಎಂದು ಬರೆದ ಯಂತ್ರವನ್ನು ಆರಿಸಿದರೆ ಜಡಿಮಳೆಯ ದಿನಗಳಿಗೂ ತಾಳುತ್ತದೆ.

ಯಂತ್ರದಲ್ಲಿ ಎರಡು ಜಾತಿ. ಕಂಪ್ರೆಸರ್ ಇರುವುದು ಫ್ರಿಜ್ಜಿನ ತತ್ತ್ವದ್ದು. ತಣ್ಣನೆಯ ಸುರುಳಿಗೆ ಗಾಳಿ ತಾಗಿಸಿ ಆವಿಯನ್ನು ನೀರಾಗಿಸಿ, ಬಿಸಿ ಸುರುಳಿಯ ಮೇಲೆ ಹಾಯಿಸಿ ಬೆಚ್ಚಗಿನ ಒಣಗಾಳಿಯನ್ನು ಹೊರಬಿಡುತ್ತದೆ. ಇದು ಏಸಿಯಂತೆ ಕೋಣೆಯನ್ನು ತಣ್ಣಗಾಗಿಸುವುದಿಲ್ಲ, ಒಂದೆರಡು ಡಿಗ್ರಿ ಬಿಸಿ ಮಾಡುತ್ತದೆ. ಇನ್ನೊಂದು ಜಾತಿಯದು ತೇವ ಹೀರುವ ಚಕ್ರವುಳ್ಳದ್ದು. ಅದು ಚಳಿಯಲ್ಲಿಯೂ ಕೆಲಸ ಮಾಡುತ್ತದೆ, ಆದರೆ ಲೀಟರಿಗೆ ಹೆಚ್ಚು ಕರೆಂಟು ತಿನ್ನುತ್ತದೆ. ಮಲೆನಾಡಿನ ಮಳೆಗಾಲದ ಹವೆಗೆ ಕಂಪ್ರೆಸರ್ ಯಂತ್ರವೇ ಸಾಕು. ಹೊಸ ಯಂತ್ರಗಳಲ್ಲಿ ಕೆಲವು ಆರ್290 ಎಂಬ ಅನಿಲವನ್ನು ಬಳಸುತ್ತವೆ. ಅದು ಪ್ರೊಪೇನ್, ಹತ್ತಿಕೊಳ್ಳುವಂಥದ್ದು. ಯಂತ್ರದ ಫಲಕದ ಮೇಲೆ ಕನಿಷ್ಠ ಎಷ್ಟು ವಿಸ್ತೀರ್ಣದ ಕೋಣೆ ಬೇಕೆಂದು ಬರೆದಿರುತ್ತದೆ. ಅದಕ್ಕಿಂತ ಕಿರಿದಾದ ಜಾಗಕ್ಕೆ ಅದನ್ನು ಒಯ್ಯಬೇಡಿ.

ಆರನೆಯ ಹಂತ: ಯಾರಿಂದ ಅಳವಡಿಸುವುದು

ನಮ್ಮ ಮನೆಗೆ ಮೊದಲ ಯಂತ್ರ ತಂದುಕೊಟ್ಟವರು ಕೆಳಜಾಗವನ್ನು ನೋಡಲು ಒಳಗೇ ಇಳಿಯಲಿಲ್ಲ. ಬಾಗಿಲಲ್ಲೇ ನಿಂತು ಇಂತಿಷ್ಟು ಚದರ ಅಡಿ ಎಂದು ಕೇಳಿ, ಯಂತ್ರವನ್ನು ಒಂದು ಕುರ್ಚಿಯ ಮೇಲಿಟ್ಟು, ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿ ಹೋದರು. ರಾತ್ರಿ ಹನ್ನೊಂದಕ್ಕೆ ತೊಟ್ಟಿ ತುಂಬಿ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಬೆಳಿಗ್ಗೆ ಹೋಗಿ ನೀರು ಚೆಲ್ಲುವ ಹೊತ್ತಿಗೆ ಆರ್ದ್ರತೆ ಮತ್ತೆ ಶೇಕಡಾ 88. ತಪ್ಪು ಅವರದೊಬ್ಬರದೇ ಅಲ್ಲ, ನೀರು ಎಲ್ಲಿಗೆ ಹೋಗುತ್ತದೆಂದು ನಾವೂ ಕೇಳಿರಲಿಲ್ಲ.

ಅಳವಡಿಸುವವರು ಹೈಗ್ರೋಮೀಟರ್ ಹಿಡಿದು ಒಳಗಿಳಿಯುತ್ತಾರೆಯೇ, ನಿಮ್ಮ ಎರಡು ವಾರದ ಅಂಕಿಗಳನ್ನು ನೋಡುತ್ತಾರೆಯೇ, ದಿನಕ್ಕೆಷ್ಟು ಲೀಟರ್ ಎಂಬ ಲೆಕ್ಕವನ್ನು ಬರೆದುಕೊಡುತ್ತಾರೆಯೇ ಎಂಬುದನ್ನು ಗಮನಿಸಿ. ದರಪಟ್ಟಿಯಲ್ಲಿ ಯಂತ್ರ, ನೀರಿನ ಪೈಪು, ವಿದ್ಯುತ್ ಕೆಲಸ, ಅಳವಡಿಕೆ ಇವು ಬೇರೆಬೇರೆಯಾಗಿ ನಮೂದಾಗಿರಲಿ. ಜುಲೈ ತಿಂಗಳಲ್ಲಿ ಯಂತ್ರ ಕೆಟ್ಟರೆ ಶಿವಮೊಗ್ಗದಿಂದ ನಿಮ್ಮ ಹಳ್ಳಿಗೆ ಎಷ್ಟು ದಿನದಲ್ಲಿ ಬರುತ್ತಾರೆ ಎಂಬ ಪ್ರಶ್ನೆಗೆ ಸಿಗುವ ಉತ್ತರ, ವಾರಂಟಿಯ ವರ್ಷಗಳಿಗಿಂತ ಮುಖ್ಯ.

ಏಳನೆಯ ಹಂತ: ಅಳವಡಿಸುವ ದಿನ ನಿಂತು ನೋಡಬೇಕಾದದ್ದು

ಯಂತ್ರ ಮಟ್ಟವಾಗಿ ಕೂರಬೇಕು. ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಎತ್ತರದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ರಬ್ಬರ್ ದಿಂಡು ಇರಲಿ. ಇಲ್ಲವಾದರೆ ಮರದ ನೆಲದ ಮನೆಯಲ್ಲಿ ಅದರ ಗುಂಯ್‌ಗುಡುವಿಕೆ ರಾತ್ರಿಯಿಡೀ ಮೇಲಿನ ಕೋಣೆಗೆ ಕೇಳುತ್ತದೆ. ಗಾಳಿ ಎಳೆಯುವ ಮತ್ತು ಬಿಡುವ ಬದಿಗಳಲ್ಲಿ ತಯಾರಕರು ಹೇಳಿದಷ್ಟು ಅಂತರ ಬಿಡಬೇಕು. ಒಣಗಾಳಿ ಜಾಗದ ಉದ್ದಕ್ಕೂ ಹರಿದು ಧರೆ ಬದಿಯ ಗೋಡೆಯನ್ನು ಮುಟ್ಟಿ ಹಿಂದಿರುಗುವಂತೆ ಮುಖ ಮಾಡಿಸಬೇಕು. ನಡುವೆ ಅಡ್ಡಗೋಡೆಗಳಿದ್ದರೆ ಡಕ್ಟು ಅಥವಾ ಸಣ್ಣ ಫ್ಯಾನು ಬೇಕಾಗುತ್ತದೆ. ಒಂದು ಕೋಣೆ ಒಣಗಿ ಪಕ್ಕದ ಕೋಣೆ ಒದ್ದೆಯಾಗಿ ಉಳಿಯುವುದು ತೀರಾ ಸಾಮಾನ್ಯ. ಆರ್ದ್ರತೆಯನ್ನು ಗ್ರಹಿಸುವ ಸೆನ್ಸರನ್ನು ಬೇರೆಡೆ ಇಡುವ ಅವಕಾಶವಿದ್ದರೆ ಅದು ಯಂತ್ರದ ಬಾಯಿಗೆ ದೂರವಾಗಿ, ಅತಿ ಒದ್ದೆಯಾದ ಮೂಲೆಯಲ್ಲಿರಲಿ.

ನೀರಿನ ಪೈಪು ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳುಕಲಾಗಿ, ಎಲ್ಲೂ ಹೊಟ್ಟೆ ಬಿಡದೆ ಸಾಗಬೇಕು. ಹೊರತುದಿ ಮಳೆಗಾಲದ ಚರಂಡಿಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಕಪ್ಪೆ ಮತ್ತು ಜಿರಲೆ ಒಳನುಗ್ಗದಂತೆ ಜಾಳಿಗೆ ಬೇಕು. ಹೊರಗಿನ ನೆಲ ಎತ್ತರದಲ್ಲಿದ್ದರೆ ಯಂತ್ರದ ನೀರನ್ನು ಮೇಲೆತ್ತುವ ಸಣ್ಣ ಕಂಡೆನ್ಸೇಟ್ ಪಂಪು ಹಾಕಿಸಬೇಕು, ಅದು ಕೆಟ್ಟರೆ ಯಂತ್ರವೂ ನಿಲ್ಲುವಂತೆ ಸ್ವಿಚ್ಚು ಜೋಡಿಸಿರಬೇಕು. ಶೌಚದ ಪೈಪಿಗೆ ನೇರವಾಗಿ ಸೇರಿಸಲು ಬಿಡಬೇಡಿ. ಹೊರಬಂದ ನೀರು ಗಿಡಕ್ಕೆ ಹಾಕಲು ಯೋಗ್ಯ. ಅದರಲ್ಲಿ ಧೂಳೂ ಸುರುಳಿಯ ಲೋಹದ ಅಂಶವೂ ಇರುವುದರಿಂದ ಕುಡಿಯಬಾರದು, ಇನ್ವರ್ಟರ್ ಬ್ಯಾಟರಿಗೂ ಸುರಿಯಬಾರದು.

ವಿದ್ಯುತ್ ಕೆಲಸದಲ್ಲಿ ಕಂಜೂಸುತನ ಸಲ್ಲದು. ಒದ್ದೆ ಜಾಗ, ಲೋಹದ ಯಂತ್ರ, ಬರಿಗಾಲು ಮೂರೂ ಸೇರುವ ಸ್ಥಳವಿದು. ಪ್ರತ್ಯೇಕ ವೈರು, ಮಿತಿಮೀರಿ ಕರೆಂಟು ಹರಿದರೆ ಲೈನು ಕಡಿಯುವ ಎಂಸಿಬಿ, ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಪರೀಕ್ಷಿಸಿದ ಅರ್ತಿಂಗು ಇವು ನಾಲ್ಕೂ ಇರಲೇಬೇಕು. ಮೆಸ್ಕಾಂ ಲೈನು ಕಾಡಿನ ನಡುವೆ ಹಾಯ್ದು ಬರುವ ನಮ್ಮ ಊರುಗಳಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಬಂದಾಗ ವೋಲ್ಟೇಜು ಏರಿಳಿಯುವುದು ದಿನದ ಮಾತು. ಸ್ಟೆಬಿಲೈಸರ್ ಹಾಗೂ ಸಿಡಿಲಿನ ಆಘಾತ ತಡೆಯುವ ಸಾಧನ ಹಾಕಿಸಿಕೊಳ್ಳಿ. ಕರೆಂಟು ಬಂದ ಕೂಡಲೇ ಕಂಪ್ರೆಸರ್ ಚಾಲೂ ಆಗದೆ ಮೂರು ನಿಮಿಷವಾದರೂ ಕಾಯುವಂತಿರಬೇಕು, ಕಾದ ಮೇಲೆ ಯಾರೂ ಗುಂಡಿ ಒತ್ತದೆಯೇ ಹಿಂದಿನ ಅಳತೆಗೆ ಮರಳುವಂತಿರಬೇಕು. ಈ ಎರಡನೆಯ ಸೌಲಭ್ಯ ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮಲೆನಾಡಿಗೆ ತರಬೇಡಿ.

ತಂತ್ರಜ್ಞರು ಹೊರಡುವ ಮೊದಲು ತೊಟ್ಟಿಗೆ ಒಂದು ಲೀಟರ್ ನೀರು ಸುರಿಸಿ, ಹೊರತುದಿಯಲ್ಲಿ ಅದು ಬರುವುದನ್ನು ಕಣ್ಣಾರೆ ನೋಡಿ. ಮೇನ್ ಆರಿಸಿ ಹಾಕಿಸಿ, ಯಂತ್ರ ತಾನಾಗಿ ಚಾಲೂ ಆಗುವುದನ್ನೂ ನೋಡಿ.

ಎಂಟನೆಯ ಹಂತ: ಓಡಿಸುವ ಕ್ರಮ

ಮೊದಲ ದಿನವೇ ಶೇಕಡಾ 50ಕ್ಕೆ ಇಟ್ಟರೆ ವರ್ಷಗಳಿಂದ ತೇವ ಕುಡಿದಿದ್ದ ತೊಲೆ, ಹಲಗೆಗಳು ತಟ್ಟನೆ ಕುಗ್ಗಿ ಸೀಳುತ್ತವೆ. ಎರಡು ವಾರ 65ರಲ್ಲಿ, ಆಮೇಲೆ 60ರಲ್ಲಿ ಓಡಿಸಿ, ಕೊನೆಗೆ 55ಕ್ಕೆ ನಿಲ್ಲಿಸಬೇಕು. ಅದಕ್ಕಿಂತ ಕೆಳಗಿಳಿಸಿದರೆ ಬಿಲ್ಲು ಏರುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಒಂದು ಯೂನಿಟ್ ಕರೆಂಟಿಗೆ ಒಂದೂವರೆಯಿಂದ ಎರಡು ಲೀಟರ್ ತೆಗೆಯುವ ಯಂತ್ರ ದಿನಕ್ಕೆ ಏಳೂವರೆ ಲೀಟರ್ ತೆಗೆಯಲು ನಾಲ್ಕೈದು ಯೂನಿಟ್ ಬಳಸುತ್ತದೆ. ಮಳೆಗಾಲದ 120 ದಿನಕ್ಕೆ ಅದು ಸುಮಾರು 450ರಿಂದ 600 ಯೂನಿಟ್. ಬಿಲ್ಲು ಇದರ ಎರಡರಷ್ಟು ಬಂದರೆ ಯಂತ್ರವನ್ನು ಶಂಕಿಸುವ ಮೊದಲು ಗಿಂಡಿಯ ಮುಚ್ಚಳಗಳನ್ನು ನೋಡಿ ಬನ್ನಿ.

ಗಾಳಿಸೋಸಕವನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಪೂರ್ತಿ ಆರಿದ ಮೇಲೆ ಹಾಕಬೇಕು. ಪೈಪಿನೊಳಗೆ ಕಟ್ಟುವ ಲೋಳೆ ತಿಂಗಳಿಗೊಮ್ಮೆ ಬಿಸಿನೀರು ಬಿಟ್ಟರೆ ಹೋಗುತ್ತದೆ. ಕೆಳಜಾಗದ ಎರಡು ಹೈಗ್ರೋಮೀಟರುಗಳನ್ನು ಯಂತ್ರ ಬಂದ ಮೇಲೂ ತೆಗೆಯಬಾರದು. ಯಂತ್ರದ ಫಲಕ 55 ಎಂದು ತೋರಿಸುತ್ತಿರುವಾಗ ಧರೆಯ ಮೂಲೆಯಲ್ಲಿ 72 ಇರುವುದನ್ನು ನಾನೇ ಕಂಡಿದ್ದೇನೆ. ಆಮೇಲೆ ಅಲ್ಲಿಗೊಂದು ಸಣ್ಣ ಫ್ಯಾನು ಬೇಕಾಯಿತು.

ದೀಪಾವಳಿ ಕಳೆದು ಆಕಾಶ ತಿಳಿಯಾದ ಮೇಲೆ ಎರಡು ವಾರ ಅಂಕಿ ನೋಡಿ, ಹೊರಗಿನ ಗಾಳಿಯೇ ಒಣಗಿದೆಯೆಂದು ಖಚಿತವಾದಾಗ ಯಂತ್ರ ಆರಿಸಿ ಮುಚ್ಚಳಗಳನ್ನು ತೆಗೆಯಿರಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೆಳಜಾಗ 15 ಡಿಗ್ರಿಗೆ ಇಳಿದರೆ ಸುರುಳಿಯ ಮೇಲೆ ಹಿಮ ಕಟ್ಟುತ್ತದೆ, ಆಗ ಓಡಿಸಿ ಪ್ರಯೋಜನವೂ ಇಲ್ಲ. ಒಳಗಿನ ನೀರು ಬಸಿದು, ಪೂರ್ತಿ ಒಣಗಿಸಿ, ಬಟ್ಟೆ ಮುಚ್ಚಿಡಿ. ಬೇಸಿಗೆಯಲ್ಲಿ ಒಮ್ಮೆ ಹಾಸಿನ ಟೇಪು, ಗೆದ್ದಲಿನ ಸುರಂಗ, ಇಲಿಯ ತೂತು ಇವನ್ನು ಪರಿಶೀಲಿಸಿ ತಂತ್ರಜ್ಞರಿಂದ ಸುರುಳಿ ತೊಳೆಸಿ. ಮೇ ಕೊನೆಯ ವಾರ, ಮೃಗಶಿರ ಮಳೆ ಹುಟ್ಟುವ ಮೊದಲು, ಮುಚ್ಚಳ ಹಾಕಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ಒಂದು ಲೀಟರ್ ನೀರು ಮತ್ತೆ ತೊಟ್ಟಿಗೆ ಸುರಿದು ಹೊರತುದಿಗೆ ಹೋಗಿ ನಿಂತುಕೊಳ್ಳಿ. ನಮ್ಮ ಮನೆಯಲ್ಲಿ ಕಳೆದ ಸಲ ನೀರಿನ ಬದಲು ಕಣಜದ ಗೂಡಿನ ಮಣ್ಣು ಬಂತು, ಪೈಪಿನ ಬಾಯಿಯ ಜಾಳಿಗೆ ಯಾವಾಗಲೋ ಕಳಚಿ ಬಿದ್ದಿತ್ತು.